ಹಸಿರು ಮನುಷ್ಯ ಎಷ್ಟು ಹೊತ್ತು ನಡೆಯುತ್ತಾನೆ?



ಪಾಠಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿ ಶಾಲೆಯ ಏಳನೆಯ ತರಗತಿಯ 44 ಮಕ್ಕಳನ್ನು ಜಿಲ್ಲಾ ಕೇಂದ್ರದಲ್ಲಿ ನಡೆಯುತ್ತಿದ್ದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ಬಸ್ ನಿಲ್ದಾಣದಲ್ಲಿ ಇಳಿದಾಗ ಎದುರಿಗೆ ಅಗಲವಾದ ರಸ್ತೆ. ಅದರಾಚೆಗೆ ಪ್ರದರ್ಶನದ ಸಭಾಂಗಣ. ನಡುವೆ ಕಪ್ಪು ರಸ್ತೆಯ ಮೇಲೆ ಬಿಳಿ ಪಟ್ಟೆಗಳು, ಕಂಬದ ಮೇಲೆ ಪಾದಚಾರಿಗಳಿಗಾಗಿಯೇ ಒಂದು ಸಿಗ್ನಲ್ ದೀಪ. ಮಕ್ಕಳಿಗೆ ಅದನ್ನು ತೋರಿಸುವ ಉತ್ಸಾಹ ನನಗೆ. "ಕೆಂಪು ಮನುಷ್ಯ ನಿಂತಿದ್ದಾನೆ, ನಾವೂ ನಿಲ್ಲಬೇಕು. ಹಸಿರು ಮನುಷ್ಯ ನಡೆಯಲು ಶುರು ಮಾಡಿದರೆ ನಾವೂ ನಡೆಯಬೇಕು" ಎಂದು ವಿವರಿಸಿದೆ. ಇಬ್ಬಿಬ್ಬರಾಗಿ ಕೈಹಿಡಿದು ಸಾಲಾಗಿ ನಿಂತರು. ಸಾಲಿನ ಮುಂದೆ ನಾನು, ಹಿಂದೆ ಶಾಲೆಯ ಮೇಷ್ಟ್ರು.

ಹಸಿರು ಮನುಷ್ಯ ಬಂದ. ನಡೆದೆವು. ನಾನು ಆಚೆ ದಡ ಸೇರಿ ತಿರುಗಿ ನೋಡುವಷ್ಟರಲ್ಲಿ ಅವನು ಮಿಣುಕತೊಡಗಿದ್ದ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಇನ್ನೂ ರಸ್ತೆಯ ಮೇಲೆಯೇ ಇದ್ದರು. ಕೆಂಪು ಬಂತು. ಕೆಲವರು ಮುಂದಕ್ಕೆ ಓಡಿದರು, ಕೆಲವರು ಹಿಂದಕ್ಕೆ ಓಡಿದರು. ನಡುರಸ್ತೆಯಲ್ಲಿದ್ದ ಒಬ್ಬ ಹುಡುಗಿ ಮಾತ್ರ ಎತ್ತ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಳು. ಅಷ್ಟರಲ್ಲಿ ಹೊರಡಲು ಶುರುವಾಗಿದ್ದ ಬಸ್ಸೊಂದು ಕಿರ್ರೆಂದು ಬ್ರೇಕ್ ಹಾಕಿ ನಿಂತಿತು. ಚಾಲಕರು ಮಕ್ಕಳನ್ನು ಬಯ್ಯಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನೇ ಕೇಳಿದರು: "ಏನ್ ಮೇಷ್ಟ್ರೇ, ಇಷ್ಟು ಮಕ್ಳು ಅಷ್ಟು ಹೊತ್ತಲ್ಲಿ ದಾಟ್ತಾರಾ?"

ಯಾರಿಗೂ ಏನೂ ಆಗಲಿಲ್ಲ. ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಗಣಿತದ ಪ್ರಶ್ನೆ. ಅದರ ಲೆಕ್ಕವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಮಾಡಿಸಿದ್ದೆ. ರಸ್ತೆ ದಾಟುವಾಗ ಮಾತ್ರ ಮಾಡಿರಲಿಲ್ಲ.

ರೈಲು ಮತ್ತು ಸೇತುವೆಯ ಲೆಕ್ಕ

"ಇಷ್ಟು ಉದ್ದದ ರೈಲು ಇಷ್ಟು ಉದ್ದದ ಸೇತುವೆಯನ್ನು ದಾಟಲು ಎಷ್ಟು ಕಾಲ ಬೇಕು?" ಈ ಲೆಕ್ಕ ನಿಮಗೂ ಗೊತ್ತು. ರೈಲಿನ ಎಂಜಿನ್ ಸೇತುವೆಯ ಆಚೆಗೆ ಹೋದರೆ ಸಾಲದು, ಕೊನೆಯ ಡಬ್ಬಿಯೂ ಹೋಗಬೇಕು. ಆದ್ದರಿಂದ ಸೇತುವೆಯ ಉದ್ದಕ್ಕೆ ರೈಲಿನ ಉದ್ದವನ್ನೂ ಕೂಡಿಸುತ್ತೇವೆ. ಅವತ್ತು ನಮ್ಮ ಮಕ್ಕಳ ಸಾಲೇ ರೈಲು. ರಸ್ತೆಯೇ ಸೇತುವೆ.

ಆ ರಸ್ತೆಯಲ್ಲಿ ನಾಲ್ಕು ಪಥಗಳಿದ್ದವು. ಒಂದು ಪಥದ ಅಗಲ ಸುಮಾರು 3.5 ಮೀಟರ್ ಎಂದು ಇಟ್ಟುಕೊಂಡರೆ ರಸ್ತೆಯ ಅಗಲ 14 ಮೀಟರ್. 44 ಮಕ್ಕಳು ಇಬ್ಬಿಬ್ಬರಾಗಿ ನಿಂತರೆ 22 ಜೋಡಿ. ಜೋಡಿಯಿಂದ ಜೋಡಿಗೆ ಒಂದು ಮೀಟರ್ ಅಂತರವಿದ್ದರೆ ಸಾಲಿನ ಉದ್ದ 21 ಮೀಟರ್. ಎರಡನ್ನೂ ಕೂಡಿಸಿದರೆ 35 ಮೀಟರ್. ಸಾಧಾರಣ ನಡಿಗೆಯಲ್ಲಿ ಒಬ್ಬರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ. 35 ಅನ್ನು 1.2ರಿಂದ ಭಾಗಿಸಿ. ಸುಮಾರು 29 ಸೆಕೆಂಡು!

ಆಮೇಲೆ ನಾನು ಗಡಿಯಾರ ಹಿಡಿದು ಅದೇ ಜಾಗದಲ್ಲಿ ನಿಂತು ನೋಡಿದೆ. ಹಸಿರು ಮನುಷ್ಯ ನಡೆಯುತ್ತಿದ್ದುದು 15 ಸೆಕೆಂಡು ಮಾತ್ರ.

15 ಸೆಕೆಂಡಿನಲ್ಲಿ ಪ್ರತಿ ಜೋಡಿಯೂ 18 ಮೀಟರ್ ನಡೆದಿರುತ್ತದೆ. ಹಾಗಾದರೆ ಎಷ್ಟು ಮಕ್ಕಳು ಆಚೆ ದಡ ಮುಟ್ಟಿರುತ್ತಾರೆ? ಮುಂದಿನ 5 ಜೋಡಿ, ಅಂದರೆ ಬರೀ 10 ಮಕ್ಕಳು. ಹಿಂದಿನ 4 ಜೋಡಿ ಇನ್ನೂ ರಸ್ತೆಗೆ ಇಳಿದಿರುವುದೇ ಇಲ್ಲ. ಉಳಿದ 26 ಮಕ್ಕಳು ರಸ್ತೆಯ ಮೇಲೆ! ನಿಮ್ಮ ನೋಟುಪುಸ್ತಕದಲ್ಲಿ 22 ಚುಕ್ಕಿ ಇಟ್ಟು ನೀವೇ ತಾಳೆ ನೋಡಿ.

ಸಿಗ್ನಲ್ ಕೆಟ್ಟಿರಲಿಲ್ಲ. ಮಕ್ಕಳು ನಿಯಮ ಮುರಿಯಲಿಲ್ಲ. ಬಸ್ಸಿನವರೂ ತಪ್ಪು ಮಾಡಲಿಲ್ಲ. ಆದರೂ ಅಪಾಯ ಬಂತು. ರಸ್ತೆ ದಾಟುವ ಹಕ್ಕು ದೀಪದ ಬಣ್ಣದಲ್ಲಿ ಮಾತ್ರ ಇರುವುದಿಲ್ಲ, ಸೆಕೆಂಡು ಮತ್ತು ಮೀಟರುಗಳಲ್ಲಿಯೂ ಇರುತ್ತದೆ. ಅದನ್ನೇ ಈ ಸಲ ಅಳೆದು ನೋಡೋಣ.

ಈ ದೀಪ ಎಲ್ಲಿಂದ ಬಂತು?

ಜಗತ್ತಿನ ಮೊದಲ ಸಂಚಾರಿ ಸಿಗ್ನಲ್ ಹುಟ್ಟಿದ್ದು ಮೋಟಾರು ವಾಹನಗಳಿಗಾಗಿ ಅಲ್ಲ. ಆಗ ರಸ್ತೆಗಳಲ್ಲಿ ಮೋಟಾರುಗಳೇ ಇರಲಿಲ್ಲ! ಲಂಡನ್ ನಗರದ ಪಾರ್ಲಿಮೆಂಟ್ ಭವನದ ಹತ್ತಿರ ಕುದುರೆಗಾಡಿಗಳ ನೂಕುನುಗ್ಗಲು. ನಡೆದು ಹೋಗುವವರು ರಸ್ತೆ ದಾಟುವುದೇ ಕಷ್ಟವಾಗಿತ್ತು. ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಪೀಕ್ ನೈಟ್ ಎಂಬುವರು ರೈಲಿನ ಕೈಮರದಂತಹದೇ ಒಂದು ಕಂಬವನ್ನು ರಸ್ತೆಗೂ ನಿಲ್ಲಿಸಬಹುದು ಎಂದು ಸೂಚಿಸಿದರು. 1868ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಹಗಲಿನಲ್ಲಿ ಕಂಬದ ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ರಾತ್ರಿ ಕೆಂಪು ಮತ್ತು ಹಸಿರು ಗಾಜಿನ ಗ್ಯಾಸ್ ದೀಪ ಉರಿಯುತ್ತಿತ್ತು. ಪೊಲೀಸರೊಬ್ಬರು ಪಕ್ಕದಲ್ಲಿ ನಿಂತು ಅದನ್ನು ನಡೆಸುತ್ತಿದ್ದರು. ಕೆಲವೇ ವಾರಗಳಲ್ಲಿ, 1869ರ ಜನವರಿಯಲ್ಲಿ, ಗ್ಯಾಸ್ ಸೋರಿ ದೀಪ ಸಿಡಿಯಿತು. ಪೊಲೀಸರಿಗೆ ಗಾಯಗಳಾದವು. ಕಂಬವನ್ನು ತೆಗೆದುಹಾಕಿದರು. ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಂಡನ್ನಿನ ರಸ್ತೆಗಳಿಗೆ ಅಂತಹ ಸಿಗ್ನಲ್ ಬರಲಿಲ್ಲ.

ಬಿಳಿ ಪಟ್ಟೆಗಳದು ಇನ್ನೊಂದು ಕತೆ. ಬ್ರಿಟನ್ನಿನಲ್ಲಿ 1930ರ ದಶಕದಲ್ಲಿ ದಾಟುವ ಜಾಗವನ್ನು ತೋರಿಸಲು ರಸ್ತೆಯಲ್ಲಿ ಲೋಹದ ಗುಬ್ಬಿಗಳನ್ನು ನೆಡುತ್ತಿದ್ದರು. ನಡೆಯುವವರಿಗೆ ಅವು ಕಾಣುತ್ತಿದ್ದವು. ವೇಗವಾಗಿ ಬರುವ ಚಾಲಕರಿಗೆ ಕಾಣುತ್ತಿರಲಿಲ್ಲ. ಆದ್ದರಿಂದ 1949ರಲ್ಲಿ ಬೇರೆ ಬೇರೆ ಬಣ್ಣದ ಪಟ್ಟೆಗಳನ್ನು ಬಳಿದು ಪರೀಕ್ಷಿಸಿದರು. ಕೊನೆಗೆ ಕಪ್ಪು-ಬಿಳುಪು ಗೆದ್ದಿತು. 1951ರಿಂದ ಅದು ಅಲ್ಲಿ ಕಾನೂನಿನ ಗುರುತಾಯಿತು. ಕಾಡುಕುದುರೆಯ ಮೈಯಂತೆ ಕಾಣುವುದರಿಂದ ಜೀಬ್ರಾ ಪಟ್ಟೆ ಎಂಬ ಹೆಸರು ಬಂತು.

ಜೀಬ್ರಾ ಪಟ್ಟೆಗಳನ್ನು ಈ ಸಲ ನೋಡಿದಾಗ ಒಂದು ವಿಷಯ ಗಮನಿಸಿ. ನೀವು ನಡೆಯುವ ದಿಕ್ಕಿಗೆ ಅವು ಅಡ್ಡಲಾಗಿರುತ್ತವೆ. ಚಾಲಕನಿಗೆ ಉದ್ದುದ್ದ ಕಾಣುತ್ತವೆ. ದೂರದಿಂದ, ತಗ್ಗಿನಿಂದ ನೋಡುವವನಿಗೆ ನೆಲದ ಮೇಲಿನ ಅಡ್ಡಗೆರೆ ಸಣಕಲಾಗಿ ಕಾಣುತ್ತದೆ. ಉದ್ದ ಪಟ್ಟೆಗಳ ಸಾಲು ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದರೆ ನಿಮಗೂ ಇದು ಗೊತ್ತಾಗುತ್ತದೆ. ಒಳ್ಳೆಯ ರಸ್ತೆ ಬಣ್ಣದಲ್ಲಿ ಸಣ್ಣ ಸಣ್ಣ ಗಾಜಿನ ಮಣಿಗಳೂ ಇರುತ್ತವೆ. ರಾತ್ರಿ ಕೊಟ್ಟಿಗೆಯಲ್ಲಿ ಬ್ಯಾಟರಿ ಬೆಳಕು ಬಿಟ್ಟಾಗ ದನದ ಕಣ್ಣು ಹೊಳೆಯುವುದನ್ನು ನೋಡಿದ್ದೀರಲ್ಲವೆ? ಹಾಗೆಯೇ ಈ ಮಣಿಗಳು ವಾಹನದ ಬೆಳಕನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತವೆ. ಬಣ್ಣ ಸವೆದ ಪಟ್ಟೆ ರಾತ್ರಿ ಇದ್ದೂ ಇಲ್ಲದಂತೆ.

ಅಜ್ಜಿಗೆ ಎಷ್ಟು ಸೆಕೆಂಡು?

ಈಗ ಹಸಿರು ದೀಪಕ್ಕೆ ಬರೋಣ. ಎಷ್ಟು ಹೊತ್ತು ಅದು ಉರಿಯಬೇಕು ಎಂದು ಯಾರು, ಹೇಗೆ ನಿರ್ಧರಿಸುತ್ತಾರೆ? ಎಂಜಿನಿಯರುಗಳು ರಸ್ತೆಯ ಅಗಲವನ್ನು ಅಳೆದು ಅದನ್ನು ನಡಿಗೆಯ ವೇಗದಿಂದ ಭಾಗಿಸುತ್ತಾರೆ. ಸಾಮಾನ್ಯವಾಗಿ ಅವರು ತೆಗೆದುಕೊಳ್ಳುವ ವೇಗ ಸೆಕೆಂಡಿಗೆ 1.2 ಮೀಟರ್. 14 ಮೀಟರ್ ರಸ್ತೆಗೆ ಸುಮಾರು 12 ಸೆಕೆಂಡು ಬಂತು. ಹಾಗಾದರೆ 15 ಸೆಕೆಂಡು ಧಾರಾಳ ಎನ್ನಿಸುತ್ತದೆ, ಅಲ್ಲವೆ? ಸ್ವಲ್ಪ ತಾಳಿ.

ಚಟುವಟಿಕೆ 1: ಶಾಲೆಯ ಅಂಗಳದಲ್ಲಿ 12 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಒಬ್ಬರು ನಡೆಯಲಿ, ಒಬ್ಬರು ಗಡಿಯಾರ ನೋಡಲಿ, ಒಬ್ಬರು ಬರೆದುಕೊಳ್ಳಲಿ. ಓಡಬಾರದು. ಪಾಠಿಚೀಲ ಹೊತ್ತುಕೊಂಡು ಒಮ್ಮೆ, ಒಂದನೆಯ ತರಗತಿಯ ಮಗುವಿನ ಕೈಹಿಡಿದುಕೊಂಡು ಒಮ್ಮೆ ನಡೆಯಿರಿ. ಮನೆಗೆ ಹೋಗಿ ಅಂಗಳದಲ್ಲಿ ನಿಮ್ಮ ಅಜ್ಜಿಯನ್ನೋ ತಾತನನ್ನೋ ಇಷ್ಟೇ ದೂರ ಅವರ ಪಾಡಿಗೆ ನಡೆಯಲು ಹೇಳಿ. ದೂರವನ್ನು ಕಾಲದಿಂದ ಭಾಗಿಸಿದರೆ ಪ್ರತಿಯೊಬ್ಬರ ವೇಗ ಸಿಗುತ್ತದೆ.

ಮಂಡಿನೋವಿರುವ ಒಬ್ಬ ಅಜ್ಜಿ 12 ಮೀಟರ್ ನಡೆಯಲು 15 ಸೆಕೆಂಡು ತೆಗೆದುಕೊಂಡರು ಎನ್ನಿ. ಅವರ ವೇಗ ಸೆಕೆಂಡಿಗೆ 0.8 ಮೀಟರ್. 14 ಮೀಟರ್ ರಸ್ತೆಗೆ ಅವರಿಗೆ ಬೇಕಾಗುವುದು 17.5 ಸೆಕೆಂಡು. ಹಸಿರು ಮುಗಿಯುವಾಗ ಆಚೆ ದಡ ಇನ್ನೂ 2 ಮೀಟರ್ ದೂರವಿರುತ್ತದೆ. ಅಂದರೆ ಕೊನೆಯ ಪಥದ ಹೆಚ್ಚುಕಡಿಮೆ ನಡುವೆ ಅಜ್ಜಿ! ಸರಾಸರಿ ವೇಗದ ಲೆಕ್ಕ ಸರಿಯಾಗಿಯೇ ಇದೆ. ಆದರೆ ರಸ್ತೆಯನ್ನು ಸರಾಸರಿ ಮನುಷ್ಯ ದಾಟುವುದಿಲ್ಲ. ನಮ್ಮ ನಿಮ್ಮ ಅಜ್ಜಿ ದಾಟುತ್ತಾರೆ, ತರಕಾರಿ ಬುಟ್ಟಿ ಹೊತ್ತವರು ದಾಟುತ್ತಾರೆ, ಊರುಗೋಲು ಹಿಡಿದವರು ದಾಟುತ್ತಾರೆ. ಸೆಕೆಂಡುಗಳನ್ನು ನಿಗದಿ ಮಾಡುವಾಗ ಎಲ್ಲರಿಗಿಂತ ನಿಧಾನ ನಡೆಯುವವರನ್ನು ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪಟ್ಟಿ ತಯಾರಾದ ಮೇಲೆ ನೀವೇನು ಹೇಳುತ್ತೀರಿ ನೋಡೋಣ.

ಮಿಣುಕುವ ಹಸಿರಿನ ಅರ್ಥವನ್ನು ಇಲ್ಲೇ ಹೇಳಿಬಿಡುತ್ತೇನೆ. ಅವತ್ತು ಆ ಹುಡುಗಿಗೆ ನಾನು ಅದನ್ನು ಹೇಳಿಕೊಟ್ಟಿರಲಿಲ್ಲ. ಹಸಿರು ಮಿಣುಕಿದರೆ, ದಡದಲ್ಲಿರುವವರು ಹೊಸದಾಗಿ ಇಳಿಯಬಾರದು. ಆಗಲೇ ರಸ್ತೆಯಲ್ಲಿರುವವರು ನಿಲ್ಲದೆ, ಹಿಂದಿರುಗದೆ, ದಾಟಿ ಮುಗಿಸಬೇಕು.

ಬ್ರೇಕ್ ಒತ್ತಿದ ಕೂಡಲೇ ಬಸ್ ಏಕೆ ನಿಲ್ಲುವುದಿಲ್ಲ?

ಇದುವರೆಗೆ ನಡೆಯುವವರ ಲೆಕ್ಕವಾಯಿತು. ಈಗ ಚಾಲಕನ ಸೀಟಿನಲ್ಲಿ ಕುಳಿತು ನೋಡೋಣ.

ಚಟುವಟಿಕೆ 2: 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ನಿಮ್ಮ ಗೆಳೆಯ ಮೇಲ್ತುದಿಯಲ್ಲಿ ಹಿಡಿದು ನೇತಾಡಿಸಲಿ. ಸೊನ್ನೆಯ ಗುರುತು ಕೆಳಗಿರಲಿ. ನೀವು ಹೆಬ್ಬೆರಳು ಮತ್ತು ತೋರುಬೆರಳನ್ನು ಸೊನ್ನೆಯ ಎರಡೂ ಬದಿಗೆ, ಪಟ್ಟಿಗೆ ತಾಗದಂತೆ ಇಡಿ. ಗೆಳೆಯ ಹೇಳದೆಯೇ ಪಟ್ಟಿಯನ್ನು ಬಿಡುತ್ತಾನೆ. ಕಂಡ ಕೂಡಲೇ ಹಿಡಿಯಿರಿ. ಎಷ್ಟನೆಯ ಸೆಂಟಿಮೀಟರಿನಲ್ಲಿ ಹಿಡಿದಿರಿ? 10 ಸೆಂ.ಮೀ. ಆದರೆ ನಿಮ್ಮ ಪ್ರತಿಕ್ರಿಯಾ ಕಾಲ 0.14 ಸೆಕೆಂಡು. 20 ಸೆಂ.ಮೀ. ಆದರೆ 0.20 ಸೆಕೆಂಡು. 30 ಸೆಂ.ಮೀ. ಆದರೆ 0.25 ಸೆಕೆಂಡು. ಪಟ್ಟಿ ಕೈಗೆ ಸಿಗದೆ ಬಿದ್ದರೆ ನಗಬೇಡಿ, ನನಗೂ ಎಷ್ಟೋ ಸಲ ಸಿಗಲಿಲ್ಲ. ಆಮೇಲೆ 7ರ ಮಗ್ಗಿಯನ್ನು ಗಟ್ಟಿಯಾಗಿ ಹೇಳುತ್ತಾ ಇದೇ ಆಟವನ್ನು ಮತ್ತೆ ಆಡಿ. ಫಲಿತಾಂಶದಲ್ಲಿ ವ್ಯತ್ಯಾಸವಿದೆಯೆ? ಮೊಬೈಲಿನಲ್ಲಿ ಮಾತಾಡುತ್ತಾ ವಾಹನ ಓಡಿಸುವವರ ಕತೆ ಏನೆಂದು ಊಹಿಸಿ.

ನೀವು ಪಟ್ಟಿ ಬೀಳುವುದನ್ನೇ ಕಾಯುತ್ತಾ ಕುಳಿತಿದ್ದಿರಿ. ಚಾಲಕ ಹಾಗೆ ಕಾಯುತ್ತಿರುವುದಿಲ್ಲ. ಅವನು ನಿಮ್ಮನ್ನು ಕಾಣಬೇಕು, ನಿಲ್ಲಿಸಬೇಕೆಂದು ನಿರ್ಧರಿಸಬೇಕು, ಕಾಲನ್ನು ಬ್ರೇಕಿನ ಮೇಲೆ ತರಬೇಕು. ಇದಕ್ಕೆಲ್ಲ ಒಂದು ಸೆಕೆಂಡು ಎಂದು ಇಟ್ಟುಕೊಳ್ಳೋಣ. ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಹಾಗಾದರೆ ಬ್ರೇಕ್ ಮುಟ್ಟುವ ಮೊದಲೇ ವಾಹನ 10 ಮೀಟರ್ ಓಡಿರುತ್ತದೆ!

ಬ್ರೇಕ್ ಒತ್ತಿದ ಮೇಲೆ? ಚಲಿಸುವ ವಸ್ತು ಚಲಿಸುತ್ತಲೇ ಇರಲು ನೋಡುತ್ತದೆ, ಅದು ಜಡತ್ವ. ಅದನ್ನು ತಡೆಯುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಒಣಗಿದ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ವಾಹನದ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ ಎನ್ನೋಣ. ಸೆಕೆಂಡಿಗೆ 10 ಮೀಟರ್ ವೇಗದ ವಾಹನ ನಿಲ್ಲಲು 2 ಸೆಕೆಂಡು ಬೇಕು. ವೇಗ 10ರಿಂದ ಸೊನ್ನೆಗೆ ಇಳಿಯುವುದರಿಂದ ಸರಾಸರಿ 5. ಎರಡು ಸೆಕೆಂಡಿಗೆ 10 ಮೀಟರ್. ಮೊದಲಿನ 10 ಮೀಟರಿಗೆ ಇದನ್ನು ಸೇರಿಸಿದರೆ ಒಟ್ಟು 20 ಮೀಟರ್.

ವೇಗ ಎರಡರಷ್ಟಾದರೆ? ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್. ನಿಲ್ಲಲು 4 ಸೆಕೆಂಡು, ಸರಾಸರಿ ವೇಗ 10, ದೂರ 40 ಮೀಟರ್. ಬ್ರೇಕ್ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಯಿತು! ಯೋಚಿಸುವ ಸೆಕೆಂಡಿನ 20 ಮೀಟರ್ ಸೇರಿಸಿದರೆ ಒಟ್ಟು 60 ಮೀಟರ್. ಈ ಎರಡರ ನಡುವಿನ 54 ಕಿ.ಮೀ. ವೇಗಕ್ಕೆ ನೀವೇ ಲೆಕ್ಕ ಮಾಡಿ. ಉತ್ತರ 37.5 ಮೀಟರ್ ಬರಬೇಕು. ಮಳೆ ಬಂದು ರಸ್ತೆ ಒದ್ದೆಯಾಗಿ, ಟೈರು ಸವೆದು, ಹಿಡಿತ ಅರ್ಧಕ್ಕೆ ಇಳಿದರೆ ಬ್ರೇಕ್ ದೂರ ಇನ್ನೂ ಎರಡರಷ್ಟಾಗುತ್ತದೆ.

ಈಗ ಒಂದು ಗಂಭೀರವಾದ ಮಾತು. ಪಟ್ಟೆಯ ಮೇಲೆ ಒಂದು ಮಗು ಕಾಲಿಟ್ಟಿದೆ. 20 ಮೀಟರ್ ದೂರದಲ್ಲಿ ವಾಹನ ಬರುತ್ತಿದೆ. ಅದರ ವೇಗ 36 ಕಿ.ಮೀ. ಆಗಿದ್ದರೆ ಮಗುವಿನ ಮುಂದೆ ನಿಲ್ಲುತ್ತದೆ. 54 ಕಿ.ಮೀ. ಆಗಿದ್ದರೆ ಯೋಚಿಸುವಷ್ಟರಲ್ಲಿಯೇ 15 ಮೀಟರ್ ಕಳೆದು, ಬ್ರೇಕಿಗೆ 5 ಮೀಟರ್ ಮಾತ್ರ ಉಳಿಯುತ್ತದೆ. ಮಗು ಇರುವ ಜಾಗಕ್ಕೆ ಬಂದಾಗ ಅದರ ವೇಗ ಇನ್ನೂ ಸುಮಾರು 48 ಕಿ.ಮೀ. ಇರುತ್ತದೆ. (ಈ ಲೆಕ್ಕದ ಸೂತ್ರವನ್ನು ಪ್ರೌಢಶಾಲೆಯಲ್ಲಿ ಕಲಿಯುತ್ತೀರಿ.) 72 ಕಿ.ಮೀ. ಆಗಿದ್ದರೆ ಚಾಲಕನ ಕಾಲು ಬ್ರೇಕನ್ನು ಮುಟ್ಟಿಯೇ ಇರುವುದಿಲ್ಲ. ಮೂವರು ಚಾಲಕರೂ ಒಳ್ಳೆಯವರೇ, ಮೂವರೂ ಮಗುವನ್ನು ಒಂದೇ ಕ್ಷಣದಲ್ಲಿ ಕಂಡರು. ವ್ಯತ್ಯಾಸ ವೇಗದ್ದು ಮಾತ್ರ. ಶಾಲೆಯ ಹತ್ತಿರ ನಿಧಾನವಾಗಿ ಚಲಿಸಿ ಎಂಬ ಫಲಕ ಹಾಕುವುದು ಇದಕ್ಕೇ.

ಹಳದಿ ದೀಪದ ಗುಟ್ಟೂ ಇಲ್ಲಿಯೇ ಇದೆ. ಹಸಿರಿನಿಂದ ನೇರವಾಗಿ ಕೆಂಪಿಗೆ ಹಾರಿದರೆ, 54 ಕಿ.ಮೀ. ವೇಗದಲ್ಲಿ 30 ಮೀಟರ್ ಹತ್ತಿರಕ್ಕೆ ಬಂದಿರುವ ವಾಹನ ನಿಲ್ಲಬೇಕೆಂದರೂ ನಿಲ್ಲಲಾರದು. ಅದು ದಾಟಿಹೋಗಲು ಎರಡು ಸೆಕೆಂಡಿಗಿಂತ ಹೆಚ್ಚೇ ಬೇಕು. ಆದ್ದರಿಂದ ಸುಮಾರು 3 ಸೆಕೆಂಡು ಹಳದಿ. ಆಮೇಲೆ ಒಂದೆರಡು ಸೆಕೆಂಡು ಎಲ್ಲ ಕಡೆಗೂ ಕೆಂಪು ಇರಬೇಕು, ಚೌಕದಲ್ಲಿ ಉಳಿದವರು ಹೊರಗೆ ಹೋಗಲು. ಹಳದಿ ಕಂಡ ಕೂಡಲೇ ವೇಗ ಹೆಚ್ಚಿಸುವವರು ಕದಿಯುವುದು ಈ ಸೆಕೆಂಡುಗಳನ್ನು.

ಮೊದಲ ಹಕ್ಕು ಯಾರದು?

ಇಷ್ಟು ಲೆಕ್ಕದ ಮೇಲೆ ಈ ಪ್ರಶ್ನೆ ಕೇಳಬಹುದು. ನಮ್ಮ ದೇಶದ ಕಾನೂನು ಇದರಲ್ಲಿ ಸ್ಪಷ್ಟವಾಗಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಇಲ್ಲದ ಪಾದಚಾರಿ ಪಟ್ಟೆಯ ಹತ್ತಿರ ಬರುವ ಚಾಲಕ ವೇಗ ತಗ್ಗಿಸಿ, ನಿಲ್ಲಿಸಿ, ದಾಟುವವರಿಗೆ ದಾರಿ ಬಿಡಬೇಕು. ಗಾಲಿಕುರ್ಚಿಯಲ್ಲಿ ಹೋಗುವವರಿಗೂ ಬಿಡಬೇಕು. ಸಿಗ್ನಲ್ ಇರುವಲ್ಲಿ ಕೆಂಪು ಬಿದ್ದಾಗ ಪಟ್ಟೆಗೆ ಮುಂಚಿನ ನಿಲುಗಡೆ ಗೆರೆಯಲ್ಲಿಯೇ ನಿಲ್ಲಬೇಕು. ಮುಂದೆ ವಾಹನಗಳು ಸಿಕ್ಕಿಹಾಕಿಕೊಂಡು ನಿಂತಿದ್ದರೆ ಪಟ್ಟೆಯ ಮೇಲೆ ತಂದು ನಿಲ್ಲಿಸಬಾರದು. ಅಂದರೆ ಪಟ್ಟೆಯ ಮೇಲೆ ನಡೆಯುವವರು ಯಾರ ದಯೆಯನ್ನೂ ಬೇಡುತ್ತಿಲ್ಲ. ಅದು ಅವರ ದಾರಿ.

ಆದರೆ ನಮ್ಮ ಊರುಗಳಲ್ಲಿ ಏನು ಕಾಣುತ್ತೇವೆ? ಸಿಗ್ನಲ್ ಬಿದ್ದಾಗ ಬೈಕುಗಳು ಪಟ್ಟೆಯ ಮೇಲೆಯೇ ಬಂದು ನಿಂತಿರುತ್ತವೆ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ತೀರಿಕೊಂಡರು ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು.

ಬಿಳಿ ಪಟ್ಟೆ ಗೋಡೆಯಲ್ಲ. ಹಕ್ಕು ನಿಮ್ಮದಾದರೂ 37 ಮೀಟರ್ ಬೇಕಾದ ಬಸ್ಸು 20 ಮೀಟರಿನಲ್ಲಿ ನಿಲ್ಲಲಾರದು. ಅದಕ್ಕೇ ಹಸಿರು ಬಂದ ಮೇಲೂ ವಾಹನಗಳು ನಿಂತಿವೆಯೇ ಎಂದು ನೋಡಿ ಕಾಲಿಡಿ. ಎಡಕ್ಕೆ ತಿರುಗಿ ಬರುವ ವಾಹನಗಳನ್ನು ಮುಖ್ಯವಾಗಿ ನೋಡಿ. ಅಗಲವಾದ ರಸ್ತೆಯಲ್ಲಿ ಒಂದು ಬಸ್ಸು ನಿಮಗಾಗಿ ನಿಂತಿತು ಎಂದು ಸಂತೋಷದಿಂದ ಓಡಬೇಡಿ. ಬೆಳಕು ನೇರವಾಗಿ ಚಲಿಸುತ್ತದೆ. ಬಸ್ಸಿನ ಆಚೆ ಬದಿಯಿಂದ ಬರುವ ಬೈಕು ನಿಮಗೆ ಕಾಣುತ್ತಿಲ್ಲ ಎಂದರೆ ಬೈಕಿನವನಿಗೆ ನೀವೂ ಕಾಣುತ್ತಿಲ್ಲ. ಬಸ್ಸಿನ ಅಂಚಿನಲ್ಲಿ ನಿಂತು, ಇಣುಕಿ, ಆಮೇಲೆ ಮುಂದೆ ಹೆಜ್ಜೆ ಇಡಿ. ಊರಿನ ಬಸ್ಸಿನಿಂದ ಇಳಿದಾಗಲೂ ಅಷ್ಟೆ. ಬಸ್ಸು ಹೊರಟುಹೋಗುವ ತನಕ ಕಾಯುವುದು ಒಳ್ಳೆಯದು.

ಸಿಗ್ನಲ್ ಇಲ್ಲದ ನಮ್ಮ ಊರಿನಲ್ಲಿ

ನಿಮ್ಮಲ್ಲಿ ಅನೇಕರು "ಸಾರ್, ನಮ್ಮೂರಲ್ಲಿ ಸಿಗ್ನಲ್ಲೂ ಇಲ್ಲ, ಪಟ್ಟೆಯೂ ಇಲ್ಲ" ಎನ್ನುತ್ತೀರಿ. ನಿಜ. ಶಾಲೆ ಒಂದು ಕಡೆ, ಊರು ಒಂದು ಕಡೆ, ನಡುವೆ ರಸ್ತೆ. ಅಲ್ಲಿ ಹಸಿರು ಮನುಷ್ಯನ ಕೆಲಸವನ್ನು ನೀವೇ ಮಾಡಬೇಕು.

ಎರಡು ಪಥದ ರಸ್ತೆಯ ಅಗಲ 7 ಮೀಟರ್ ಎನ್ನೋಣ. ದಾಟಲು ಸುಮಾರು 6 ಸೆಕೆಂಡು. ನೋಡಿ ಹೊರಡುವುದಕ್ಕೆ ಇನ್ನೆರಡು ಸೆಕೆಂಡು ಸೇರಿಸಿದರೆ 8 ಸೆಕೆಂಡು. 54 ಕಿ.ಮೀ. ವೇಗದ ಬಸ್ಸು 8 ಸೆಕೆಂಡಿನಲ್ಲಿ 120 ಮೀಟರ್ ಬರುತ್ತದೆ. ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂತಹ ಒಂಬತ್ತು ಅಂಕಣಗಳನ್ನು ಸಾಲಾಗಿ ಜೋಡಿಸಿದಷ್ಟು ದೂರದಾಚೆಗೆ ಬಸ್ಸು ಇರಬೇಕು! ರಸ್ತೆಯ ತಿರುವು ಅದಕ್ಕಿಂತ ಹತ್ತಿರವಿದ್ದರೆ, ತಿರುವಿನಾಚೆಯಿಂದ ಬರುವ ವಾಹನ ನಿಮಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಅಂತಹ ಜಾಗದಲ್ಲಿ ದಾಟಲೇಬಾರದು. ಎರಡೂ ಕಡೆ ದೂರದವರೆಗೆ ಕಾಣುವ ಜಾಗಕ್ಕೆ ನಡೆದುಹೋಗಿ.

"ದೂರ ಇದೆ, ದಾಟಿಬಿಡಬಹುದು" ಎಂದು ಕಣ್ಣು ಹೇಳುತ್ತದಲ್ಲ, ಅದನ್ನು ಪೂರ್ತಿ ನಂಬಬೇಡಿ. ಏಕೆಂದು ನೋಡಿ.

ಚಟುವಟಿಕೆ 3: ಮೈದಾನದಲ್ಲಿ ನಿಮ್ಮ ಗೆಳತಿಯನ್ನು 40 ಮೀಟರ್ ದೂರ ನಿಲ್ಲಿಸಿ. ಅಳತೆಪಟ್ಟಿಯನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಅವಳು ಎಷ್ಟು ಎತ್ತರ ಕಾಣುತ್ತಾಳೆ ಅಳೆಯಿರಿ. ಪಟ್ಟಿ ಕಣ್ಣಿನಿಂದ ಅರ್ಧ ಮೀಟರ್ ದೂರವಿದ್ದು, ಅವಳ ಎತ್ತರ 140 ಸೆಂ.ಮೀ. ಇದ್ದರೆ, ಎರಡು ಸೆಂ.ಮೀ.ಗೂ ಕಡಿಮೆ ಕಾಣುತ್ತಾಳೆ. 20 ಮೀಟರಿಗೆ ಬಂದರೆ 3.5 ಸೆಂ.ಮೀ., 10 ಮೀಟರಿಗೆ 7 ಸೆಂ.ಮೀ., 5 ಮೀಟರಿಗೆ 14 ಸೆಂ.ಮೀ.

ದೂರದಲ್ಲಿದ್ದಾಗ 20 ಮೀಟರ್ ನಡೆದು ಬಂದರೂ ಅವಳು ಎರಡು ಸೆಂ.ಮೀ.ನಷ್ಟೂ ಬೆಳೆಯಲಿಲ್ಲ. ಹತ್ತಿರ ಬಂದ ಮೇಲೆ ಐದೇ ಮೀಟರಿಗೆ 7 ಸೆಂ.ಮೀ. ಬೆಳೆದಳು. ವಾಹನವೂ ಹಾಗೆಯೇ. ನೇರವಾಗಿ ನಮ್ಮ ಕಡೆಗೆ ಬರುವ ವಾಹನದ ವೇಗವನ್ನು ಕಣ್ಣು ಅಂದಾಜು ಮಾಡುವುದು ಅದು ದೊಡ್ಡದಾಗುವುದನ್ನು ನೋಡಿ. ದೂರದ ಬಸ್ಸು ನಿಂತಂತೆಯೇ ಕಾಣುತ್ತದೆ. ಇದ್ದಕ್ಕಿದ್ದಂತೆ ಮೈಮೇಲೆ ಬಂದಂತಾಗುತ್ತದೆ. ದೊಡ್ಡವರಿಗೂ ಇದು ಕಷ್ಟ, ಚಿಕ್ಕ ಮಕ್ಕಳಿಗೆ ಇನ್ನೂ ಕಷ್ಟ. ಒಂದನೆಯ ತರಗತಿಯ ತಮ್ಮ ತಂಗಿಯರ ಕೈಯನ್ನು ನೀವು ಹಿಡಿದೇ ದಾಟಿಸಬೇಕಾದದ್ದು ಇದಕ್ಕಾಗಿ.

ಹಿಂದಿರುಗುವಾಗ

ಅವತ್ತಿನ ಕತೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಪ್ರದರ್ಶನ ಮುಗಿದ ಮೇಲೆ ಅದೇ ರಸ್ತೆಯನ್ನು ಮತ್ತೆ ದಾಟಬೇಕಿತ್ತು. ಸಭಾಂಗಣದ ಮೆಟ್ಟಿಲ ಮೇಲೆ ಕುಳಿತು ಮಕ್ಕಳೊಂದಿಗೆ ರೈಲಿನ ಲೆಕ್ಕ ಮಾಡಿದೆ. "ಒಂದು ಹಸಿರಿಗೆ ಹತ್ತೇ ಜನ ದಾಟಬಹುದು. ಹಾಗಾದರೆ ಐದು ಹಸಿರು ಕಾಯೋಣ" ಎಂದೆ. ಆಗ, ಬೆಳಿಗ್ಗೆ ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದ ಅದೇ ಹುಡುಗಿ ಎದ್ದು ನಿಂತಳು. "ಸಾರ್, ಉದ್ದಕ್ಕೆ ಯಾಕೆ ನಿಲ್ಬೇಕು? ಪಟ್ಟೆ ಅಗಲವಾಗಿದೆಯಲ್ಲ. ನಾಲ್ಕು ನಾಲ್ಕು ಜನ ನಿಂತ್ರೆ?"

ನನಗೆ ಹೊಳೆದಿರಲಿಲ್ಲ. ನಾಲ್ವರ ಸಾಲು ಮಾಡಿದರೆ, 5 ಸಾಲಿಗೆ 20 ಮಕ್ಕಳು. ಮೂರು ಹಸಿರಿನಲ್ಲಿ 44 ಮಕ್ಕಳೂ ದಾಟಿದರು. ಮೊದಲ ಗುಂಪಿನೊಂದಿಗೆ ಮೇಷ್ಟ್ರು ಹೋದರು, ಕೊನೆಯ ಗುಂಪಿನೊಂದಿಗೆ ನಾನು. ನಡುವಿನ ಗುಂಪಿನ ಮುಂದಾಳು ಆ ಹುಡುಗಿಯೇ.

ಊರಿಗೆ ಮರಳಿದ ಮೇಲೆ ಮಕ್ಕಳು ಅಜ್ಜ-ಅಜ್ಜಿಯರ ನಡಿಗೆಯನ್ನು ಅಳೆದು ಪಟ್ಟಿ ಮಾಡಿದರು. ಆ ಸಿಗ್ನಲ್ಲಿಗೆ ಇನ್ನೂ ಐದು ಸೆಕೆಂಡು ಕೊಡಿ ಎಂದು ಲೆಕ್ಕದ ಸಮೇತ ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಎರಡನೆಯ ಪತ್ರವನ್ನೂ ಬರೆದರು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ನಾನು ಗಡಿಯಾರ ನೋಡುತ್ತಿದ್ದೆ. ಒಂದು ಸಲ ನೋಡಿದಾಗ 18 ಸೆಕೆಂಡು ಇತ್ತು. ಪತ್ರದಿಂದಲೋ ಬೇರೆ ಕಾರಣದಿಂದಲೋ ಹೇಳಲಾರೆ. ಅವರು ಕೇಳಿದ್ದು 20. ಅಜ್ಜಿಗೆ ಬೇಕಾದದ್ದು 17.5.

ನಿಮಗೊಂದು ಕೆಲಸ: ನಿಮ್ಮ ಶಾಲೆಯ ಮುಂದಿನ ರಸ್ತೆ ಎಷ್ಟು ಅಗಲವಿದೆ? ರಸ್ತೆಗೆ ಇಳಿಯದೆ, ನಿಮ್ಮ ಶಿಕ್ಷಕರಿಂದ ಕೇಳಿ ತಿಳಿಯಿರಿ. ಕಾಂಪೌಂಡಿನ ಒಳಗೆ ನಿಂತು ಕಾಣುವ ಎರಡು ವಿದ್ಯುತ್ ಕಂಬಗಳ ನಡುವಿನ ದೂರವನ್ನು ಶಿಕ್ಷಕರ ಸಹಾಯದಿಂದ ತಿಳಿದುಕೊಳ್ಳಿ. ಆ ದೂರವನ್ನು ದಾಟಲು ಹತ್ತು ವಾಹನಗಳು ತೆಗೆದುಕೊಳ್ಳುವ ಕಾಲವನ್ನು ಒಳಗಿನಿಂದಲೇ ಗಡಿಯಾರ ಹಿಡಿದು ಬರೆದುಕೊಂಡು ವೇಗ ಕಂಡುಹಿಡಿಯಿರಿ. ಪಕ್ಕದಲ್ಲಿ ನಿಮ್ಮ ತರಗತಿಯ ಎಲ್ಲರ, ಮತ್ತು ಕಡೇಪಕ್ಷ ಐವರು ಅಜ್ಜ-ಅಜ್ಜಿಯರ ನಡಿಗೆಯ ವೇಗವನ್ನು ಬರೆಯಿರಿ. ಯಾರ ವೇಗಕ್ಕೆ ಹಸಿರು ದೀಪವನ್ನು ಹೊಂದಿಸಬೇಕು, ಎಷ್ಟು ಸೆಕೆಂಡು ಕೊಡಬೇಕು ಎಂದು ತರಗತಿಯಲ್ಲಿ ಚರ್ಚಿಸಿ ಗೋಡೆಪತ್ರಿಕೆಯಲ್ಲಿ ಹಾಕಿ.